ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ರೈಲು ಹತ್ತುವುದು ಎಲ್ಲಿ, ಹೇಗೆ?

ಈ ಸಲದ ಅಂಚೆಯಲ್ಲಿ ಬೆಂಗಳೂರಿನ ರೈಲು ನಿಲ್ದಾಣಗಳ ಬಗ್ಗೆಯೇ ಪ್ರಶ್ನೆಗಳು ಹೆಚ್ಚು. ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರೈಲು ತಪ್ಪಿದ್ದಕ್ಕೆ ಎಲ್ಲರೂ ಟ್ರಾಫಿಕ್ಕನ್ನು ಬೈಯುತ್ತಾರೆ. ಟಿಕೆಟನ್ನು ಪೂರ್ತಿ ಓದಿದ್ದರೆ ಅದರಲ್ಲಿ ಅರ್ಧದಷ್ಟು ತಾಪತ್ರಯ ಮನೆಯಲ್ಲೇ ತಪ್ಪುತ್ತಿತ್ತು. ಆದ್ದರಿಂದ ನಿಲ್ದಾಣದ ಹೆಸರು, ತಾರೀಕು, ಬೋಗಿ ಇವುಗಳಿಂದಲೇ ಶುರು ಮಾಡಿದ್ದೇವೆ.

ಪ್ರಶ್ನೆ: ಟಿಕೆಟ್‌ನಲ್ಲಿ 'ಎಸ್‌ಎಂವಿಟಿ ಬೆಂಗಳೂರು' ಎಂದಿದೆ. ಊರಿನಿಂದ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೇವೆ. ಎದುರಿಗಿರುವ ಸಿಟಿ ಸ್ಟೇಷನ್ ಇದೇ ತಾನೆ? (ಚಿತ್ರದುರ್ಗ)

ಉತ್ತರ: ಅಲ್ಲ. ಬೆಂಗಳೂರಿನಿಂದ ದೂರದ ರೈಲುಗಳು ಹೊರಡುವ ದೊಡ್ಡ ನಿಲ್ದಾಣಗಳು ಮೂರು. ಮೆಜೆಸ್ಟಿಕ್ ಎದುರಿಗಿರುವುದು ಕೆಎಸ್‌ಆರ್ ಬೆಂಗಳೂರು, ಅಂದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಹಳೆಯ ಹೆಸರು ಬೆಂಗಳೂರು ಸಿಟಿ, ಕೋಡ್ ಎಸ್‌ಬಿಸಿ. ಎರಡನೆಯದು ಯಶವಂತಪುರ, ಕೋಡ್ ವೈಪಿಆರ್. ಮೂರನೆಯದು ನಿಮ್ಮ ಟಿಕೆಟ್‌ನಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಕೋಡ್ ಎಸ್‌ಎಂವಿಬಿ. 2022ರಲ್ಲಿ ಶುರುವಾದ ಇದು ಬೈಯಪ್ಪನಹಳ್ಳಿ ಕಡೆ ಇದೆ. ಮೆಜೆಸ್ಟಿಕ್‌ನಿಂದ ಅಲ್ಲಿಗೆ ನಗರದ ಪೂರ್ವ ಭಾಗದವರೆಗೆ ಹೋಗಬೇಕು. ಟಿಕೆಟ್‌ನಲ್ಲಿ ಬರೀ 'ಬೆಂಗಳೂರು' ಎಂಬ ಪದ ನೋಡಿ ಹೊರಡಬೇಡಿ. ಅದರ ಪಕ್ಕದ ಕೋಡ್ ನೋಡಿ.

ಇಲ್ಲಿ ಮೋಸಹೋಗುವ ಜಾಗವೂ ಒಂದಿದೆ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ಬೈಯಪ್ಪನಹಳ್ಳಿಯಲ್ಲಿ ಇಳಿದರೆ ಪಕ್ಕದಲ್ಲೇ ಒಂದು ರೈಲು ನಿಲ್ದಾಣ ಸಿಗುತ್ತದೆ. ಅದು ಹಳೆಯ ಬೈಯಪ್ಪನಹಳ್ಳಿ ನಿಲ್ದಾಣ, ಕೋಡ್ ಬಿವೈಪಿಎಲ್. ನಿಮ್ಮ ರೈಲು ಅಲ್ಲಿಂದ ಹೊರಡುವುದಿಲ್ಲ. ಟರ್ಮಿನಲ್‌ಗೆ ಅಲ್ಲಿಂದ ಮತ್ತೆ ಆಟೊ ಅಥವಾ ಬಸ್ ಬೇಕು; ಲಗೇಜ್ ಹೊತ್ತು ನಡೆಯುವ ದೂರವಲ್ಲ. ಆಟೊದವರಿಗೆ 'ಬೈಯಪ್ಪನಹಳ್ಳಿ ಸ್ಟೇಷನ್' ಎನ್ನುವ ಬದಲು 'ವಿಶ್ವೇಶ್ವರಯ್ಯ ಟರ್ಮಿನಲ್' ಎಂದೇ ಹೇಳಿ. ಮೆಜೆಸ್ಟಿಕ್‌ನಲ್ಲಿ ಇಳಿದ ಹೊತ್ತಿನಿಂದ ರೈಲು ಹೊರಡುವ ಹೊತ್ತಿಗೆ ಎರಡು ಗಂಟೆ ಅಂತರವಿದ್ದರೆ ನೆಮ್ಮದಿ.

ಯಶವಂತಪುರದವರಿಗೂ ಒಂದು ಮಾತು. ಆ ನಿಲ್ದಾಣಕ್ಕೆ ಎರಡು ಮುಖ: ಮಾರುಕಟ್ಟೆಯ ಕಡೆ ಒಂದನೇ ಪ್ಲಾಟ್‌ಫಾರಂ, ತುಮಕೂರು ರಸ್ತೆಯ ಕಡೆ ಆರನೆಯದು. ಹಸಿರು ಮಾರ್ಗದ ಯಶವಂತಪುರ ಮೆಟ್ರೊ ಇರುವುದು ತುಮಕೂರು ರಸ್ತೆಯ ಕಡೆ. ಒಂದನೇ ಪ್ಲಾಟ್‌ಫಾರಂನ ರೈಲಿಗೆ ಮೆಟ್ರೊದಲ್ಲಿ ಬಂದರೆ ಇಡೀ ನಿಲ್ದಾಣವನ್ನು ಮೇಲ್ಸೇತುವೆಯಲ್ಲಿ ದಾಟಬೇಕು. ಕಾಮಗಾರಿ ನಡೆಯುವ ಕಾಲದಲ್ಲಿ ಬಾಗಿಲು, ಸೇತುವೆಗಳ ದಾರಿ ಬದಲಾಗುತ್ತಿರುತ್ತದೆ. ಹತ್ತಿಪ್ಪತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ.

ಪ್ರಶ್ನೆ: ರೈಲು ಹೊರಡುವ ನಿಲ್ದಾಣವೇ ಕೊನೆಗಳಿಗೆಯಲ್ಲಿ ಬದಲಾಗುವುದುಂಟೆ? ಹಾಗಾದರೆ ನಮಗೆ ಗೊತ್ತಾಗುವುದು ಹೇಗೆ?

ಉತ್ತರ: ಉಂಟು. ಹಳಿ ಅಥವಾ ಪ್ಲಾಟ್‌ಫಾರಂ ಕೆಲಸವಿದ್ದಾಗ ಕೆಲವು ರೈಲುಗಳನ್ನು ತಾತ್ಕಾಲಿಕವಾಗಿ ಬೇರೆ ನಿಲ್ದಾಣದಿಂದ ಹೊರಡಿಸುತ್ತಾರೆ, ಇಲ್ಲವೆ ನಡುವಿನ ಒಂದು ನಿಲುಗಡೆ ಕೈಬಿಡುತ್ತಾರೆ. ಮಾಹಿತಿ ಟಿಕೆಟ್ ಮಾಡಿಸುವಾಗ ಕೊಟ್ಟ ಮೊಬೈಲ್ ನಂಬರಿಗೆ ಎಸ್‌ಎಂಎಸ್ ಆಗಿ ಬರುತ್ತದೆ. ತೊಡಕು ಇರುವುದೇ ಇಲ್ಲಿ. ಏಜೆಂಟರ ಕೈಲಿ ಮಾಡಿಸಿದ ಟಿಕೆಟ್‌ನಲ್ಲಿ ಎಷ್ಟೋ ಸಲ ಅವರದೇ ನಂಬರ್ ಇರುತ್ತದೆ. ಸಂದೇಶ ಅವರಿಗೆ ಹೋಗಿ ಅಲ್ಲೇ ಉಳಿಯುತ್ತದೆ. ಟಿಕೆಟ್ ಮಾಡಿಸುವಾಗಲೇ ನಿಮ್ಮ ನಂಬರ್ ಹಾಕಿಸಿ. ಹಿಂದಿನ ಸಂಜೆ ಒಮ್ಮೆ, ಮನೆ ಬಿಡುವ ಮೊದಲು ಇನ್ನೊಮ್ಮೆ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ರೈಲಿನ ನಂಬರ್ ಹಾಕಿ ನೋಡಿ. ಇಂಟರ್‌ನೆಟ್ ಇಲ್ಲದವರು 139ಕ್ಕೆ ಕರೆ ಮಾಡಬಹುದು.

ರೈಲಿನ ಹೆಸರಿಗಿಂತ ಐದಂಕಿಯ ನಂಬರ್ ಮುಖ್ಯ. ಹೋಗುವ ರೈಲಿಗೂ ಬರುವ ರೈಲಿಗೂ ಹೆಸರು ಒಂದೇ, ನಂಬರ್ ಬೇರೆ. ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿಗೆ ಹೋಗುವಾಗ 12627, ಬರುವಾಗ 12628. ಒಂದಂಕಿ ತಪ್ಪಿ ಒತ್ತಿ, ಎದುರು ದಿಕ್ಕಿನ ರೈಲು 'ನಾಲ್ಕು ಗಂಟೆ ಲೇಟ್' ಎಂದು ತೋರಿಸಿದ್ದನ್ನು ನಂಬಿ ಮನೆಯಲ್ಲಿ ಕೂತರೆ ರೈಲು ಕಾಯುವುದಿಲ್ಲ.

ಪ್ರಶ್ನೆ: 18ನೇ ತಾರೀಕು 00:20ಕ್ಕೆ ರೈಲು. ಯಾವ ರಾತ್ರಿ ನಿಲ್ದಾಣಕ್ಕೆ ಹೋಗಬೇಕು?

ಉತ್ತರ: 17ರ ರಾತ್ರಿ. ಊಟ ಮುಗಿಸಿ ಹತ್ತೂವರೆಗೆ ಮನೆ ಬಿಡಿ. ರೈಲ್ವೆಯ ಗಡಿಯಾರ 24 ಗಂಟೆಯದು, ತಾರೀಕು ಬದಲಾಗುವುದು ಮಧ್ಯರಾತ್ರಿಗೆ. 18ರ ರಾತ್ರಿ ಹೋದರೆ ರೈಲು ಹೋಗಿ ಇಪ್ಪತ್ತಮೂರು ಗಂಟೆ ಆಗಿರುತ್ತದೆ. ಟಿಕೆಟ್ ದುಡ್ಡೂ ಹೋಗಿರುತ್ತದೆ.

ನಡುವಿನ ನಿಲ್ದಾಣದಲ್ಲಿ ಹತ್ತುವವರಿಗೆ ಇದರ ತಿರುವು ಬೇರೆ. ಹುಬ್ಬಳ್ಳಿಯಿಂದ 17ರ ರಾತ್ರಿ ಹೊರಟ ರೈಲು ಅರಸೀಕೆರೆಗೆ ಮಧ್ಯರಾತ್ರಿ ದಾಟಿ ಬರುತ್ತದೆ ಎನ್ನಿ. ಅರಸೀಕೆರೆಯಲ್ಲಿ ಹತ್ತುವವರ ಟಿಕೆಟ್‌ನಲ್ಲಿ 18 ಎಂದೇ ಇರುತ್ತದೆ. ಆದರೆ ಅದೇ ರೈಲು ಎಲ್ಲಿದೆ ಎಂದು ಹುಡುಕುವಾಗ, ಹೊರಟ ದಿನ ಕೇಳಿದರೆ 17 ಎಂದು ಆರಿಸಬೇಕು.

ಪ್ರಶ್ನೆ: ಕೆಎಸ್‌ಆರ್ ನಿಲ್ದಾಣಕ್ಕೆ ಯಾವ ಬಾಗಿಲಿನಿಂದ ಹೋಗುವುದು ಒಳ್ಳೆಯದು? ಮೆಟ್ರೊದಲ್ಲಿ ಎಲ್ಲಿ ಇಳಿಯಬೇಕು? (ಮಂಡ್ಯ)

ಉತ್ತರ: ಇಲ್ಲಿ ಹತ್ತು ಪ್ಲಾಟ್‌ಫಾರಂಗಳು. ಒಂದನೆಯದು ಮೆಜೆಸ್ಟಿಕ್ ಕಡೆಗೆ, ಮುಖ್ಯ ದ್ವಾರಕ್ಕೆ ಅಂಟಿಕೊಂಡಿದೆ. ಹತ್ತನೆಯದು ಹಿಂಬದಿಯ ಓಕಳಿಪುರದ ಕಡೆ. ಆ ಕಡೆಯೂ ದ್ವಾರವಿದೆ, ಟಿಕೆಟ್ ಕೌಂಟರ್ ಇದೆ. ರಾಜಾಜಿನಗರ, ಮಲ್ಲೇಶ್ವರದ ಕಡೆಯಿಂದ ಆಟೊದಲ್ಲಿ ಬರುವವರು ಮೆಜೆಸ್ಟಿಕ್‌ನ ಗಿಜಿಗಿಜಿಯಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಹಿಂಬದಿಯಲ್ಲಿ ಇಳಿಯುವುದು ವಾಸಿ. ರೈಲು ಎಂಟು, ಒಂಬತ್ತು, ಹತ್ತರಲ್ಲಿದ್ದರಂತೂ ಕಣ್ಣು ಮುಚ್ಚಿ ಆ ದ್ವಾರ ಆರಿಸಿಕೊಳ್ಳಿ. ಯಾರಾದರೂ ಕರೆದೊಯ್ಯಲು ಬರುವುದಿದ್ದರೆ 'ಸ್ಟೇಷನ್ ಹತ್ತಿರ ಇರ್ತೀನಿ' ಎಂದಷ್ಟೇ ಹೇಳಿ ಮುಗಿಸಬೇಡಿ. ಮುಂದಿನ ಬಾಗಿಲೋ ಹಿಂದಿನ ಬಾಗಿಲೋ ಹೇಳದಿದ್ದರೆ ಇಬ್ಬರೂ ಅರ್ಧ ಗಂಟೆ ಫೋನಿನಲ್ಲೇ ಸುತ್ತಾಡುತ್ತೀರಿ.

ಮೆಟ್ರೊದಲ್ಲಿ ಎರಡು ಹೆಸರು ಕಾಣುತ್ತವೆ. 'ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್' ಎಂಬುದು ನೇರಳೆ ಮತ್ತು ಹಸಿರು ಮಾರ್ಗಗಳು ಸೇರುವ ಜಾಗ, ಬಸ್ ನಿಲ್ದಾಣದ ಮಗ್ಗುಲಲ್ಲಿದೆ. ಅದರ ಪಕ್ಕದ ಸ್ಟಾಪ್ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ'. ಇದು ನೇರಳೆ ಮಾರ್ಗದಲ್ಲಿ ಮಾತ್ರ ಇದೆ. ವೈಟ್‌ಫೀಲ್ಡ್, ಇಂದಿರಾನಗರ ಅಥವಾ ಕೆಂಗೇರಿ ಕಡೆಯಿಂದ ಬರುವವರು ಇಲ್ಲೇ ಇಳಿಯಲಿ. ಹಸಿರು ಮಾರ್ಗದವರು ಮೆಜೆಸ್ಟಿಕ್‌ನಲ್ಲಿ ಬದಲಿಸಿ ಒಂದು ಸ್ಟಾಪ್ ಹೋಗಬಹುದು, ಅಥವಾ ಅಲ್ಲಿಂದಲೇ ನಡೆಯಬಹುದು. ಲಗೇಜ್ ಹಗುರವಾಗಿದ್ದರೆ ನಡೆಯುವುದೇ ಬೇಗ.

ಯಾವ ಬಾಗಿಲಾದರೂ ಸರಿ, ಸಾಮಾನು ಸ್ಕ್ಯಾನ್ ಮಾಡುವಲ್ಲಿ ಸಾಲು ಇರಬಹುದು. ಸಂಜೆಯ ಹೊತ್ತು, ಹಬ್ಬದ ಹಿಂದಿನ ದಿನ, ಶುಕ್ರವಾರ ರಾತ್ರಿ ಸಾಲು ಬೆಳೆಯುತ್ತದೆ. ಹೊಸಬರು ರೈಲಿನ ಸಮಯಕ್ಕೆ ಒಂದು ಗಂಟೆ ಮೊದಲು ಒಳಗಿರುವ ಲೆಕ್ಕ ಇಟ್ಟುಕೊಳ್ಳಿ. ಆ್ಯಪ್ ತೋರಿಸುವ ಪ್ಲಾಟ್‌ಫಾರಂ ಒಂದು ಅಂದಾಜು. ನಿಲ್ದಾಣದ ಬೋರ್ಡ್ ಮತ್ತು ಧ್ವನಿವರ್ಧಕ ಹೇಳಿದ್ದೇ ಕೊನೆಯ ಮಾತು. ಪ್ಲಾಟ್‌ಫಾರಂ ಖಚಿತವಾಗುವವರೆಗೆ ಸಬ್‌ವೇ ಅಥವಾ ಸೇತುವೆಯ ಹತ್ತಿರ ನಿಂತಿರಿ. ಪ್ಲಾಟ್‌ಫಾರಂನ ತುದಿಗೆ ಹೋಗಿ ಕೂತ ಮೇಲೆ ಪ್ಲಾಟ್‌ಫಾರಂ ಬದಲಾದರೆ ಅಷ್ಟೂ ದೂರ ವಾಪಸು ನಡೆಯಬೇಕಾಗುತ್ತದೆ.

ಪ್ರಶ್ನೆ: ರೈಲು ಬಂದ ಮೇಲೆ ಬೋಗಿ ಹುಡುಕುವುದೇ ದೊಡ್ಡ ಕೆಲಸ. ಮೊದಲೇ ತಿಳಿಯುವ ದಾರಿ ಇದೆಯೆ? (ಶಿವಮೊಗ್ಗ)

ಉತ್ತರ: ಇದೆ, ಮತ್ತು ಇದನ್ನು ಕಲಿಯುವುದು ಲಾಭದ ಕೆಲಸ. ಈಗಿನ ಎಲ್‌ಎಚ್‌ಬಿ ಮಾದರಿಯ ಬೋಗಿ ಒಂದೊಂದೂ ಸುಮಾರು 23.5 ಮೀಟರ್ ಉದ್ದ. 22 ಬೋಗಿಯ ರೈಲು ಎಂದರೆ ಅರ್ಧ ಕಿಲೋಮೀಟರ್‌ಗೂ ಹೆಚ್ಚು. ತಪ್ಪು ತುದಿಯಲ್ಲಿ ನಿಂತರೆ ಜನಜಂಗುಳಿಯಲ್ಲಿ, ಸೂಟ್‌ಕೇಸ್ ಎಳೆದುಕೊಂಡು, ಹತ್ತು ನಿಮಿಷ ನಡೆಯಬೇಕಾಗುತ್ತದೆ.

ಅಕ್ಷರಗಳ ಅರ್ಥ ಹೀಗೆ: ಎಸ್ ಎಂದರೆ ಸ್ಲೀಪರ್, ಬಿ ಎಂದರೆ ತ್ರೀ ಟಯರ್ ಎಸಿ, ಎಂ ಎಂದರೆ ತ್ರೀ ಟಯರ್ ಎಸಿ ಎಕಾನಮಿ, ಎ ಎಂದರೆ ಟೂ ಟಯರ್ ಎಸಿ, ಎಚ್ ಎಂದರೆ ಫಸ್ಟ್ ಕ್ಲಾಸ್ ಎಸಿ. ಕೂತು ಹೋಗುವ ಬೋಗಿಗಳಲ್ಲಿ ಸಿ ಎಂದರೆ ಎಸಿ ಚೇರ್ ಕಾರ್, ಡಿ ಎಂದರೆ ಸೆಕೆಂಡ್ ಸಿಟಿಂಗ್. ಬೋಗಿಯ ಮೈಮೇಲೆ ದೊಡ್ಡದಾಗಿ ಬರೆದ ಐದಾರು ಅಂಕಿಯ ಸಂಖ್ಯೆಗೂ ನಿಮಗೂ ಸಂಬಂಧವಿಲ್ಲ. ಅದು ಆ ಬೋಗಿಯ ಗುರುತಿನ ಸಂಖ್ಯೆ. ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. ನೀವು ನೋಡಬೇಕಾದದ್ದು ಬಾಗಿಲ ಪಕ್ಕದ ಚಿಕ್ಕ ಫಲಕ ಅಥವಾ ಡಿಜಿಟಲ್ ಬೋರ್ಡ್.

ಎನ್‌ಟಿಇಎಸ್‌ನಲ್ಲಿ ಇಂಜಿನ್‌ನಿಂದ ಶುರುವಾಗಿ ಬೋಗಿಗಳ ಸಾಲು ಸಿಗುತ್ತದೆ. ಆಮೇಲೆ ತಿಳಿಯಬೇಕಾದದ್ದು ಇಂಜಿನ್ ಯಾವ ಕಡೆ ಇರುತ್ತದೆ ಎಂಬುದು. ಪ್ಲಾಟ್‌ಫಾರಂನಲ್ಲಿ ಮೇಲೆ ತೂಗುವ ಚಿಕ್ಕ ಬೋರ್ಡ್‌ಗಳು ರೈಲು ಬರುವ ಸ್ವಲ್ಪ ಮೊದಲು ಎಸ್5, ಬಿ2 ಎಂದು ಬೆಳಗುತ್ತವೆ. ನಿಮ್ಮದು ಕಂಡಲ್ಲಿ ನಿಂತರೆ ಸಾಕು. ಬೋರ್ಡ್ ಕೆಟ್ಟಿದ್ದರೆ ಹಮಾಲಿಗಳನ್ನೋ ಟೀ ಮಾರುವವರನ್ನೋ ಕೇಳಿ. ದಿನವೂ ಅದೇ ರೈಲು ನೋಡುವವರ ಲೆಕ್ಕ ತಪ್ಪುವುದು ಅಪರೂಪ.

ಬೋಗಿ ಸಿಗುವ ಮೊದಲೇ ರೈಲು ಅಲುಗಾಡಿದರೆ ಹತ್ತಿರದ ಸ್ಲೀಪರ್ ಅಥವಾ ಎಸಿ ಬೋಗಿ ಹತ್ತಿ ಒಳಗಿನಿಂದ ನಡೆಯಿರಿ. ಜನರಲ್ ಬೋಗಿ ಹತ್ತಿದರೆ ಅಲ್ಲಿಂದ ರಿಸರ್ವ್ಡ್ ಬೋಗಿಗಳಿಗೆ ಸಾಮಾನ್ಯವಾಗಿ ಒಳದಾರಿ ತೆರೆದಿರುವುದಿಲ್ಲ, ಮುಂದಿನ ನಿಲ್ದಾಣದವರೆಗೆ ಅಲ್ಲೇ. ರೈಲು ವೇಗ ಹಿಡಿದಿದ್ದರೆ ಯಾವುದನ್ನೂ ಹತ್ತಬೇಡಿ.

ಪ್ರಶ್ನೆ: ಟಿಕೆಟ್ ಕೆಎಸ್‌ಆರ್‌ನಿಂದ ಇದೆ. ಮನೆ ಇರುವುದು ಕೆ.ಆರ್. ಪುರದಲ್ಲಿ, ರೈಲು ಅಲ್ಲೂ ನಿಲ್ಲುತ್ತದೆ. ಅಲ್ಲೇ ಹತ್ತಿದರೆ ತೊಂದರೆಯೆ?

ಉತ್ತರ: ಹೇಳದೆ ಹತ್ತಿದರೆ ತೊಂದರೆ ಆಗಬಹುದು. ನೀವು ಕೆಎಸ್‌ಆರ್‌ನಲ್ಲಿ ಬರಲಿಲ್ಲ ಎಂದು ಟಿಟಿಇ (ಟಿಕೆಟ್ ತಪಾಸಕರು) ಕೈಯಲ್ಲಿರುವ ಯಂತ್ರದಲ್ಲಿ ಗುರುತು ಹಾಕಿದರೆ ಬರ್ತ್ ಆರ್‌ಎಸಿಯವರಿಗೆ, ಅಂದರೆ ಕೂರಲು ಜಾಗ ಸಿಕ್ಕು ಪೂರ್ತಿ ಬರ್ತ್‌ಗೆ ಕಾಯುತ್ತಿರುವವರಿಗೆ, ಹೋಗಬಹುದು. ಚಾರ್ಟ್ (ಯಾರಿಗೆ ಯಾವ ಸೀಟು ಎಂಬ ಪಟ್ಟಿ) ಸಿದ್ಧವಾಗುವ ಮೊದಲೇ ಹತ್ತುವ ನಿಲ್ದಾಣವನ್ನು ಆನ್‌ಲೈನ್‌ನಲ್ಲಿ ಬದಲಿಸಿಕೊಳ್ಳಿ. ದುಡ್ಡು ವಾಪಸು ಬರುವುದಿಲ್ಲ, ಹೆಚ್ಚು ಕೊಡಬೇಕಾಗಿಯೂ ಇಲ್ಲ. ಆನ್‌ಲೈನ್‌ನಲ್ಲಿ ಬದಲಿಸುವ ಅವಕಾಶ ಒಂದೇ ಸಲ. ಬದಲಿಸಿದ ಮೇಲೆ ಕೆಎಸ್‌ಆರ್‌ನಿಂದ ಹತ್ತುವ ಹಕ್ಕು ಇರುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ವೇಟಿಂಗ್ ಲಿಸ್ಟ್ ಟಿಕೆಟ್ ಇಟ್ಟುಕೊಂಡು ನಿಲ್ದಾಣಕ್ಕೆ ಹೋಗಿ ಟಿಟಿಇ ಕೇಳಿದರೆ ಸೀಟು ಸಿಗುತ್ತದೆ ಎನ್ನುತ್ತಾರೆ. ನಿಜವೆ? (ಬಳ್ಳಾರಿ)

ಉತ್ತರ: ಟಿಕೆಟ್ ಎಲ್ಲಿ ಮಾಡಿಸಿದ್ದು ಎಂಬುದರ ಮೇಲಿದೆ. ಆನ್‌ಲೈನ್ ಟಿಕೆಟ್‌ನಲ್ಲಿ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ, ಚಾರ್ಟ್ ಆದ ಕೂಡಲೆ ಟಿಕೆಟ್ ತಾನಾಗಿ ರದ್ದಾಗಿ ಹಣ ಖಾತೆಗೆ ವಾಪಸಾಗುತ್ತದೆ. ಅದನ್ನು ಹಿಡಿದು ಹತ್ತಿದರೆ ಟಿಕೆಟ್ ಇಲ್ಲದ ಪ್ರಯಾಣವೇ; ದಂಡ ಕನಿಷ್ಠ 250 ರೂಪಾಯಿ, ಜತೆಗೆ ಪ್ರಯಾಣದರ. ಒಂದೇ ಪಿಎನ್‌ಆರ್‌ನ (ಟಿಕೆಟ್‌ನ ಬುಕಿಂಗ್ ನಂಬರ್‌ನ) ನಾಲ್ವರಲ್ಲಿ ಒಬ್ಬರದಾದರೂ ಖಚಿತವಾಗಿದ್ದರೆ ಉಳಿದವರೂ ಹತ್ತಬಹುದು, ಆದರೆ ಬರ್ತ್ ಆ ಒಂದೇ. ಆರ್‌ಎಸಿಯವರು ಧಾರಾಳವಾಗಿ ಹತ್ತಬಹುದು. ಸೈಡ್ ಲೋಯರ್ ಬರ್ತ್‌ನಲ್ಲಿ ಇಬ್ಬರಿಗೆ ಕೂರುವ ಜಾಗ ಖಾತರಿ. ಕೌಂಟರ್‌ನಲ್ಲಿ ಮಾಡಿಸಿದ ವೇಟಿಂಗ್ ಟಿಕೆಟ್‌ನಲ್ಲಿ ಜನರಲ್ ಬೋಗಿಯಲ್ಲಿ ಹೋಗಬಹುದು, ಸ್ಲೀಪರ್‌ನಲ್ಲಿ ಅಲ್ಲ. ಹೋಗುವುದು ಬೇಡವಾದರೆ ರೈಲು ಹೊರಡುವ ಅರ್ಧ ಗಂಟೆ ಮೊದಲೇ ರದ್ದು ಮಾಡಿಸಬೇಕು.

ಟಿಟಿಇ ಹಿಂದೆ ಓಡುವುದಕ್ಕಿಂತ ಒಳ್ಳೆಯ ದಾರಿ ಕರೆಂಟ್ ಬುಕಿಂಗ್. ಮೊದಲ ಚಾರ್ಟ್ ಆದ ಮೇಲೆ ಉಳಿದ ಸೀಟುಗಳನ್ನು ಎರಡನೆಯ ಚಾರ್ಟ್‌ವರೆಗೆ, ಅಂದರೆ ಹೊರಡುವ ಸುಮಾರು ಅರ್ಧ ಗಂಟೆ ಮೊದಲಿನ ತನಕ, ಆನ್‌ಲೈನ್‌ನಲ್ಲೂ ಕೌಂಟರ್‌ನಲ್ಲೂ ಕೊಡುತ್ತಾರೆ. ವಾರದ ನಡುವೆ, ಹಗಲಿನ ರೈಲುಗಳಲ್ಲಿ ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ಮೈಸೂರಿಗೆ ಜನರಲ್ ಟಿಕೆಟ್ ಬೆಳಗ್ಗೆ ತೆಗೆದು ಸಂಜೆಯ ರೈಲಿಗೆ ಹೋಗಬಹುದೆ?

ಉತ್ತರ: ಆಗದು. 199 ಕಿ.ಮೀ.ವರೆಗಿನ ಜನರಲ್ ಟಿಕೆಟ್‌ಗೆ ಕೊಂಡ ಮೂರು ಗಂಟೆಯೊಳಗೆ, ಅಥವಾ ಆ ಕಡೆಗೆ ಹೋಗುವ ಮೊದಲ ರೈಲಿನಲ್ಲಿ, ಪ್ರಯಾಣ ಶುರು ಮಾಡಬೇಕು. ಮೈಸೂರು ಆ ಮಿತಿಯೊಳಗೇ ಬರುತ್ತದೆ. 200 ಕಿ.ಮೀ. ಮೇಲ್ಪಟ್ಟ ಊರಿಗೆ ಮಾತ್ರ ಮೂರು ದಿನ ಮುಂಚಿತವಾಗಿ ತೆಗೆಯಬಹುದು. ಪ್ಯಾಸೆಂಜರ್ ದರದ ಟಿಕೆಟ್ ಎಕ್ಸ್‌ಪ್ರೆಸ್‌ಗೆ ನಡೆಯುವುದಿಲ್ಲ. ಎಕ್ಸ್‌ಪ್ರೆಸ್ ಟಿಕೆಟ್‌ಗೆ ಸೂಪರ್‌ಫಾಸ್ಟ್ ಶುಲ್ಕ ಸೇರಿರದಿದ್ದರೆ ಸೂಪರ್‌ಫಾಸ್ಟ್‌ಗೂ ನಡೆಯುವುದಿಲ್ಲ. ವಂದೇ ಭಾರತ್, ಶತಾಬ್ದಿಗಳಲ್ಲಿ ಜನರಲ್ ಬೋಗಿಯೇ ಇಲ್ಲ. ಮೊಬೈಲ್‌ನಲ್ಲಿ ತೆಗೆದ ಟಿಕೆಟ್ ಆ್ಯಪ್‌ನಲ್ಲೇ ತೋರಿಸಬೇಕು, ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಬ್ಯಾಟರಿ ಸತ್ತರೆ ಟಿಕೆಟ್ಟೂ ಸತ್ತಂತೆ.

ಪ್ರಶ್ನೆ: 78 ವರ್ಷದ ತಂದೆಯವರನ್ನು ಕರೆದೊಯ್ಯಬೇಕು, ಮೆಟ್ಟಿಲು ಹತ್ತಲಾರರು. ಕೆಳಗಿನ ಬರ್ತ್ ಕೂಡ ಸಿಗಲಿಲ್ಲ, ನಾಲ್ವರಿಗೆ ಒಟ್ಟಿಗೆ ಟಿಕೆಟ್ ಮಾಡಿಸಿದ್ದೆವು. (ಉಡುಪಿ)

ಉತ್ತರ: ಕೆಳಗಿನ ಬರ್ತ್ ಸಿಗದಿದ್ದಕ್ಕೆ ಕಾರಣ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ಆದರೆ ಅದು ಅನ್ವಯಿಸುವುದು ಟಿಕೆಟ್‌ನಲ್ಲಿ ಅಂಥ ಒಬ್ಬರು ಅಥವಾ ಇಬ್ಬರು ಮಾತ್ರ ಇದ್ದಾಗ. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಒಂದೇ ಪಿಎನ್‌ಆರ್‌ಗೆ ಸೇರಿಸಿದರೆ ಕೋಟಾ ಕೈತಪ್ಪುತ್ತದೆ. ಮುಂದಿನ ಸಲ ತಂದೆ ತಾಯಿಯದು ಬೇರೆ, ನಿಮ್ಮದು ಬೇರೆ ಮಾಡಿಸಿ. ಬೋಗಿ ಬೇರೆಯಾಗಬಹುದು, ಅದನ್ನು ತೂಗಿ ನೋಡಿ ನಿರ್ಧರಿಸಿ.

ವ್ಹೀಲ್‌ಚೇರ್‌ಗೆ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ಕೇಳಬೇಕು. ಒಬ್ಬರು ತಂದೆಯವರ ಜತೆ ದ್ವಾರದಲ್ಲಿ ಕೂತಿರಲಿ, ಇನ್ನೊಬ್ಬರು ಗುರುತಿನ ಚೀಟಿ, ಟಿಕೆಟ್ ಹಿಡಿದು ಹೋಗಲಿ. ತಳ್ಳಲು ಹಮಾಲಿ ಬೇಕಾದರೆ ಅವರ ಕೂಲಿ ಬೇರೆ. ತೋಳಿನ ಮೇಲೆ ನಂಬರಿನ ಬಿಲ್ಲೆ ಇದ್ದವರನ್ನೇ ಕರೆಯಿರಿ, ಸಾಮಾನು ಎತ್ತುವ ಮೊದಲೇ ದರ ಮಾತಾಡಿ, ಆ ನಂಬರ್ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಬೈಕನ್ನು ರೈಲಿನಲ್ಲಿ ಊರಿಗೆ ಕಳಿಸುವ ಕ್ರಮ ಹೇಗೆ?

ಉತ್ತರ: ಎರಡು ಬಗೆ. ನಿಮ್ಮ ಟಿಕೆಟ್ ತೋರಿಸಿ 'ಲಗೇಜ್' ಎಂದು ಮಾಡಿಸಿದರೆ ಜಾಗವಿದ್ದಲ್ಲಿ ನಿಮ್ಮ ರೈಲಿನಲ್ಲೇ ಬರುತ್ತದೆ. 'ಪಾರ್ಸೆಲ್' ಆದರೆ ನೀವು ಪ್ರಯಾಣ ಮಾಡಬೇಕಿಲ್ಲ, ಆದರೆ ಯಾವ ರೈಲಿಗೆ ಹಾಕುತ್ತಾರೆಂಬ ಖಾತರಿಯಿಲ್ಲ. ಆರ್‌ಸಿ ಪ್ರತಿ, ಗುರುತಿನ ಚೀಟಿಯ ಪ್ರತಿ ತೆಗೆದುಕೊಂಡು ಹಿಂದಿನ ದಿನವೇ ಪಾರ್ಸೆಲ್ ಕಚೇರಿಗೆ ಹೋಗಿ ವಿಚಾರಿಸಿ. ಕಡಿಮೆ ಹೊತ್ತು ನಿಲ್ಲುವ ಸಣ್ಣ ನಿಲ್ದಾಣಗಳಿಗೆ ಬೈಕ್ ತೆಗೆದುಕೊಳ್ಳುವುದಿಲ್ಲ, ಎರಡು ನಿಮಿಷದಲ್ಲಿ ಇಳಿಸಲಾಗದು. ಹತ್ತಿರದ ದೊಡ್ಡ ನಿಲ್ದಾಣಕ್ಕೆ ಮಾಡಿಸಿ.

ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಕಡಿಮೆ ಇದ್ದರೆ ಸಾಲದು, ಪೈಪ್ ಬಿಚ್ಚಿ ಬಸಿದಿರಬೇಕು; ತಪಾಸಣೆಯಲ್ಲಿ ಹೆಚ್ಚಿನವರು ವಾಪಸಾಗುವುದು ಇದಕ್ಕೇ. ಕನ್ನಡಿಗಳನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಹೆಡ್‌ಲೈಟ್, ಟ್ಯಾಂಕ್, ಕ್ಲಚ್ ಮತ್ತು ಬ್ರೇಕ್ ಹಿಡಿಗಳಿಗೆ ದಪ್ಪ ಸುತ್ತು ಇರಲಿ. ಏಟು ಬೀಳುವುದು ಅಲ್ಲಿಗೇ. ಹ್ಯಾಂಡಲ್ ಲಾಕ್ ಮಾಡಬೇಡಿ, ನ್ಯೂಟ್ರಲ್‌ನಲ್ಲಿಡಿ, ಕೀಲಿ ನಿಮ್ಮ ಬಳಿ ಇರಲಿ. ರಟ್ಟಿನ ಮೇಲೆ ಹೆಸರು, ಫೋನ್, ಎಲ್ಲಿಂದ ಎಲ್ಲಿಗೆ ಎಂದು ಮಾರ್ಕರ್‌ನಲ್ಲಿ ಬರೆದು ಎರಡು ಕಡೆ ಕಟ್ಟಿ. ರಸೀದಿಯ ಮೂಲಪ್ರತಿ ಬಿಡಿಸಿಕೊಳ್ಳುವಾಗ ಬೇಕು. ಬೈಕ್ ತಲುಪಿದ ಮೇಲೆ ತಡ ಮಾಡಿದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ.

ಪ್ರಶ್ನೆ: ಬೆಳಗಿನ ಜಾವ ನಾಲ್ಕಕ್ಕೆ ಬಂದಿಳಿಯುತ್ತೇವೆ. ಬೆಳಕಾಗುವವರೆಗೆ ಏನು ಮಾಡುವುದು?

ಉತ್ತರ: ಟಿಕೆಟ್ ಇಟ್ಟುಕೊಂಡಿದ್ದರೆ ವೇಟಿಂಗ್ ಹಾಲ್‌ನಲ್ಲಿ ಕೂರಬಹುದು. ಸ್ನಾನ, ಮಲಗುವುದು ಬೇಕಾದರೆ ಖಚಿತವಾದ ಅಥವಾ ಆರ್‌ಎಸಿ ಪಿಎನ್‌ಆರ್ ಮೇಲೆ ರಿಟೈರಿಂಗ್ ರೂಂ ಅನ್ನು ಐಆರ್‌ಸಿಟಿಸಿಯಲ್ಲಿ ಮೊದಲೇ ಕಾಯ್ದಿರಿಸಿ. ಹಗಲು ಊರು ಸುತ್ತುವುದಿದ್ದರೆ ಸಾಮಾನನ್ನು ಕ್ಲೋಕ್ ರೂಂನಲ್ಲಿಡಿ. ಬೀಗವಿಲ್ಲದ ಚೀಲ ತೆಗೆದುಕೊಳ್ಳುವುದಿಲ್ಲ, ಜಿಪ್‌ಗೆ ಒಂದು ಪುಟ್ಟ ಬೀಗ ಜತೆಯಲ್ಲಿರಲಿ. ಮೆಟ್ರೊ ಐದರ ಆಸುಪಾಸು ಶುರುವಾಗುತ್ತದೆ, ಭಾನುವಾರ ಇನ್ನೂ ತಡ. ಮುಂದೆ ಮೈಸೂರು ಕಡೆಗೆ ಸರ್ಕಾರಿ ಬಸ್ಸು ಬೇಕಾದರೆ ಮೆಜೆಸ್ಟಿಕ್‌ನಲ್ಲಿ ಹುಡುಕಬೇಡಿ. ಅವು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ.

ಪ್ರಶ್ನೆ: ಬೀಳ್ಕೊಡಲು ಹೋಗುವವರಿಗೆ ಟಿಕೆಟ್ ಬೇಕೆ?

ಉತ್ತರ: ಪ್ಲಾಟ್‌ಫಾರಂ ಟಿಕೆಟ್ ಬೇಕು, ಎರಡು ಗಂಟೆ ನಡೆಯುತ್ತದೆ. ವಂದೇ ಭಾರತ್ ಆದರೆ ಸಾಮಾನಿಡಲು ಒಳಗೆ ಹೋಗಲೇಬೇಡಿ. ಬಾಗಿಲು ತಾನಾಗಿ ಮುಚ್ಚಿಕೊಂಡರೆ ಮುಂದಿನ ನಿಲ್ದಾಣದವರೆಗೆ ನೀವೂ ಪ್ರಯಾಣಿಕರೇ, ಟಿಕೆಟ್ ಇಲ್ಲದವರು.

ಪ್ರಶ್ನೆ: ಇಳಿಯುವಾಗ ಬ್ಯಾಗ್ ರೈಲಿನಲ್ಲೇ ಉಳಿಯಿತು. ಯಾರಿಗೆ ಹೇಳಬೇಕು?

ಉತ್ತರ: ಕೂಡಲೆ 139ಕ್ಕೆ ಕರೆ ಮಾಡಿ ಅಥವಾ ರೈಲ್ ಮದದ್ ಆ್ಯಪ್‌ನಲ್ಲಿ ದಾಖಲಿಸಿ, ನಿಲ್ದಾಣದಲ್ಲೇ ಇದ್ದರೆ ಆರ್‌ಪಿಎಫ್ (ರೈಲ್ವೆ ರಕ್ಷಣಾ ದಳ) ಠಾಣೆಗೆ ಹೋಗಿ. ಪಿಎನ್‌ಆರ್, ರೈಲಿನ ನಂಬರ್, ಬೋಗಿ, ಬರ್ತ್, ಬ್ಯಾಗಿನ ಬಣ್ಣ, ಅದು ಬರ್ತ್‌ನ ಕೆಳಗಿತ್ತೋ ಮೇಲಿತ್ತೋ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ರೈಲು ಮುಂದೆ ಹೋಗುವುದಿದ್ದರೆ ಮುಂದಿನ ನಿಲ್ದಾಣದ ಸಿಬ್ಬಂದಿಗೆ ತಿಳಿಸಿ ಇಳಿಸಿಕೊಳ್ಳಲು ಪ್ರಯತ್ನಿಸುತ್ತಾರೆ. ಬೆಂಗಳೂರೇ ಕೊನೆಯ ನಿಲ್ದಾಣವಾಗಿದ್ದರೆ ಬೋಗಿಗಳು ಸ್ವಲ್ಪ ಹೊತ್ತಿನಲ್ಲೇ ಸ್ವಚ್ಛತೆಗೆ ಯಾರ್ಡ್‌ಗೆ ಹೋಗುತ್ತವೆ, ಅದಕ್ಕೆ ಮೊದಲೇ ತಿಳಿಸಬೇಕು. ಬ್ಯಾಗ್ ಸಿಕ್ಕರೆ ಬಿಡಿಸಿಕೊಳ್ಳಲು ಗುರುತಿನ ಚೀಟಿ ಮತ್ತು ಟಿಕೆಟ್ ತೋರಿಸಿ, ಒಳಗೆ ಏನೇನಿತ್ತು ಎಂದು ಬರೆದುಕೊಡಬೇಕಾಗುತ್ತದೆ.